ಸರಸ್ವತಿ ಭಂಡಾರದಿಂದ ಅರಿವು ಕೇಂದ್ರಕ್ಕೆ

ಕಲಬುರಗಿ ಸೀಮೆಯಲ್ಲಿ ಪುಸ್ತಕ ಕಾಯುವವರ ಬಗ್ಗೆ ಸಿಗುವ ಬಹು ಹಳೆಯ ಮಾತು ಚಿತ್ತಾಪುರದ ಪಕ್ಕದ ನಾಗಾವಿಯ ಕಲ್ಲಿನ ಮೇಲಿದೆ. ಕ್ರಿ.ಶ. 1058ರ ಆ ಶಾಸನ ಕಲ್ಯಾಣ ಚಾಲುಕ್ಯರ ತ್ರೈಲೋಕ್ಯಮಲ್ಲ ಸೋಮೇಶ್ವರನ ಆಳ್ವಿಕೆಯದು. ದಂಡನಾಯಕ ಮಧುಸೂದನ ಕಟ್ಟಿಸಿದ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರದಲ್ಲಿ ಯಾರು ಯಾರಿದ್ದರು, ಅವರ ಅನ್ನಕ್ಕೆ ಏನು ವ್ಯವಸ್ಥೆಯಿತ್ತು ಎಂಬುದನ್ನು ಅದು ಲೆಕ್ಕವಿಟ್ಟು ಹೇಳುತ್ತದೆ. ವೇದ ಓದುವವರು 200 ಮಂದಿ, ಶಾಸ್ತ್ರ ಓದುವವರು 52 ಮಂದಿ. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು. ಇವರ ಜೊತೆಗೆ ಆರು ಮಂದಿ ಸರಸ್ವತಿ ಭಂಡಾರಿಗರು. ಪಾಠ ಹೇಳುವವರು ಎಷ್ಟೋ, ಪುಸ್ತಕ ನೋಡಿಕೊಳ್ಳುವವರೂ ಅಷ್ಟೇ. 42 ವಿದ್ಯಾರ್ಥಿಗಳಿಗೆ ಒಬ್ಬ ಭಂಡಾರಿಗ ಎಂದಾಯಿತು. ಇಂದಿನ ಯಾವ ಹೈಸ್ಕೂಲಿನಲ್ಲೂ ಕಾಣದ ಲೆಕ್ಕ ಇದು.

ಭಂಡಾರಿಗ ಎಂದರೆ ಬರಿಯ ಬೀಗದ ಕೈ ಇಟ್ಟುಕೊಂಡವನಲ್ಲ. ತಾಳೆಗರಿಯ ಪುಸ್ತಕ ತಾನಾಗಿ ಉಳಿಯುವುದಿಲ್ಲ. ಕಬ್ಬಿಣದ ಕಂಟದಿಂದ ಕೊರೆದ ಅಕ್ಷರ ಕಾಣಬೇಕಾದರೆ ಗರಿಗೆ ಕಾಡಿಗೆ ತೀಡಬೇಕು. ಹುಳ ಹತ್ತದಂತೆ ಎಣ್ಣೆ ಸವರಬೇಕು. ದಾರ ಸವೆದರೆ ಬದಲಿಸಬೇಕು. ಮೇಲೆ ಕೆಳಗೆ ಹಲಗೆಯಿಟ್ಟು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಬೇಕು. ಗರಿ ಮುರಿದರೆ ಹೊಸ ಗರಿಯ ಮೇಲೆ ಪ್ರತಿ ಮಾಡದೆ ಗತಿಯಿಲ್ಲ. ಈ ದುಡಿಮೆಗೆ ಭೂಮಿ ಬಿಟ್ಟುಕೊಟ್ಟವರು, ಓದು ಉಳಿಯುವುದು ಓದುವವನೊಬ್ಬನಿಂದಲೇ ಅಲ್ಲ ಎಂದು ತಿಳಿದಿದ್ದವರು. ನಾಗಾವಿಯಲ್ಲಿ ಈಗ ನಿಂತಿರುವುದು ಅರವತ್ತು ಕಂಬದ ಗುಡಿ ಮತ್ತು ಸುತ್ತಲ ಹಾಳು ಗೋಡೆಗಳು. ಗರಿಯೊಂದೂ ಉಳಿದಿಲ್ಲ. ಭಂಡಾರಿಗರ ಲೆಕ್ಕ ಮಾತ್ರ ಉಳಿದಿದೆ.

ನಾಗಾವಿಗೂ ಹಿಂದೆ ಕಾಗಿಣಾ ದಂಡೆಯ ಮಳಖೇಡದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಶ್ರೀವಿಜಯ ಕವಿರಾಜಮಾರ್ಗವನ್ನು ಬರೆದಿದ್ದ. ಒಂಬತ್ತನೆಯ ಶತಮಾನದ ಆ ಗ್ರಂಥ ಕನ್ನಡ ಜನರ ಬಗ್ಗೆ ಹೇಳುವ ಹೆಮ್ಮೆಯ ಮಾತು ಈ ಸೀಮೆಯ ಓದಿನ ಚರಿತ್ರೆಗೆ ಕೀಲಿಕೈಯಿದ್ದಂತೆ: ಪಟ್ಟಾಗಿ ಕೂತು ಓದದವರಿಗೂ ಇಲ್ಲಿ ಕಾವ್ಯದ ಬಳಕೆ ಗೊತ್ತು. ಅಕ್ಷರ ಬಾರದವನೂ ಪದ್ಯದ ರುಚಿ ಬಲ್ಲ ಎಂದರೆ, ಅವನ ಕಿವಿಗೆ ಪದ್ಯ ಬೀಳುತ್ತಿತ್ತು, ಯಾರೋ ಓದಿ ಹೇಳುತ್ತಿದ್ದರು ಎಂದೇ ಅರ್ಥ. ಮುಂದೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಇದೇ ಸೀಮೆಯ ಮರತೂರಿನ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ. ಹಿಂದೂ ಆಸ್ತಿಹಕ್ಕಿನ ದಾವೆಗಳಲ್ಲಿ ಭಾರತದ ಕೋರ್ಟುಗಳು ಅದರ ಹೆಸರನ್ನು ಇಂದಿಗೂ ಎತ್ತುತ್ತವೆ. ಮಿತಾಕ್ಷರಾ ಪಂಡಿತರ ಓದಾಯಿತು. ಕವಿರಾಜಮಾರ್ಗ ಸೂಚಿಸುವ ಓದು ಊರ ಕಟ್ಟೆಯದು. ಈ ಎರಡು ಧಾರೆಗಳಲ್ಲಿ ಇಲ್ಲಿ ಕಡಿಯದೆ ಹರಿದು ಬಂದದ್ದು ಎರಡನೆಯದು.

ಅದನ್ನು ಇಂದಿಗೂ ಕಾಣಬೇಕಾದರೆ ಶ್ರಾವಣದಲ್ಲಿ ಕಲಬುರಗಿ, ಕಮಲಾಪುರ, ಆಳಂದ, ಜೇವರ್ಗಿ ಕಡೆಯ ಹಳ್ಳಿಗೆ ಹೋಗಬೇಕು. ಗುಡಿಯಲ್ಲೋ ಮಠದಲ್ಲೋ ‘ಪುರಾಣ ಹಚ್ಚುತ್ತಾರೆ’. ಹೊಲದ ಕೆಲಸ ಮುಗಿದು, ರೊಟ್ಟಿ ಉಂಡು, ರಾತ್ರಿ ಜನ ಸೇರುತ್ತಾರೆ. ಗಂಡಸರು ಒಂದು ಕಡೆ, ಸೆರಗು ಹೊದ್ದ ಹೆಣ್ಣುಮಕ್ಕಳು ಮತ್ತೊಂದು ಕಡೆ, ಮುಂದೆ ತೂಕಡಿಸುವ ಮಕ್ಕಳು. ವ್ಯಾಸಪೀಠದ ಮೇಲೆ ಕೆಂಪು ವಸ್ತ್ರ ಸುತ್ತಿದ ಪುಸ್ತಕ. ಶಾಸ್ತ್ರಿಗಳು ಷಟ್ಪದಿಯ ಒಂದು ಪದ್ಯ ಓದುತ್ತಾರೆ, ಗವಾಯಿ ಅದನ್ನು ರಾಗವಾಗಿ ಎತ್ತುತ್ತಾನೆ, ತಬಲಾ ಜೊತೆಗೂಡುತ್ತದೆ, ಆಮೇಲೆ ಶಾಸ್ತ್ರಿಗಳು ಅದರ ಅರ್ಥವನ್ನು ಊರ ಮಾತಿನಲ್ಲಿ, ಊರ ಬದುಕಿನ ದೃಷ್ಟಾಂತ ಕೊಟ್ಟು ಬಿಡಿಸುತ್ತಾರೆ. ಬಸವಪುರಾಣ, ಪ್ರಭುಲಿಂಗಲೀಲೆ, ಚೆನ್ನಬಸವ ಪುರಾಣ, ಹೇಮರಡ್ಡಿ ಮಲ್ಲಮ್ಮನ ಕಥೆ ಹೀಗೆ ಊರೂರು ಮುಟ್ಟಿದವು. ಕಲಬುರಗಿಯ ದಾಸೋಹಿ ಶರಣಬಸವೇಶ್ವರರ (1746–1822) ಪುರಾಣವಂತೂ ಈ ಭಾಗದ ಮನೆಮಾತು. ತಿಂಗಳ ಕೊನೆಗೆ ಪುರಾಣ ಮಂಗಲವಾಗುವ ದಿನ ಪುಸ್ತಕವನ್ನು ಪಲ್ಲಕ್ಕಿಯಲ್ಲಿಟ್ಟು ಭಜನೆಯೊಡನೆ ಊರೆಲ್ಲ ಮೆರೆಸುತ್ತಾರೆ. ಪುಸ್ತಕ ಬಾಗಿಲ ಮುಂದೆ ಬಂದಾಗ ನೀರು ಹಾಕಿ, ಆರತಿ ಎತ್ತಿ, ಕಾಯಿ ಒಡೆಯುವ ಹೆಣ್ಣುಮಗಳಿಗೆ ಅದರೊಳಗಿನ ಒಂದಕ್ಷರವೂ ಓದಲು ಬಾರದೆ ಇರಬಹುದು. ಅದರೊಳಗಿನ ಕಥೆ ಮಾತ್ರ ಆಕೆಗೆ ಪೂರಾ ಗೊತ್ತು.

ತತ್ವಪದದ ಸಂಪ್ರದಾಯವೂ ಇದರ ಒಡಹುಟ್ಟು. ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪ, ಅವರ ಬಳಗದ ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ ಮೊದಲಾದವರ ಪದಗಳು ಅಚ್ಚಿಗೆ ಬರುವ ಮೊದಲು ಬಹುಕಾಲ ಕೈಬರಹದ ವಹಿಗಳಲ್ಲಿದ್ದವು. ಭಜನಾ ಮೇಳದವರಲ್ಲಿ ಅಕ್ಷರ ಬಲ್ಲವನೊಬ್ಬ ಪದ ಬರೆದಿಟ್ಟುಕೊಳ್ಳುತ್ತಿದ್ದ. ಉಳಿದವರು ಅವನ ಬಾಯಿಂದ ಕಲಿಯುತ್ತಿದ್ದರು. ಅಂಚು ಸವೆದು, ಎಣ್ಣೆದೀಪದ ಹೊಗೆ ಹಿಡಿದು, ಬೇರೆ ಬೇರೆ ಕೈಯ ಅಕ್ಷರ ಕೂಡಿಕೊಂಡ ಇಂಥ ವಹಿಗಳಿಂದಲೇ ಮುಂದೆ ಸಂಪಾದಕರು ತತ್ವಪದಗಳನ್ನು ಆಯ್ದು ಅಚ್ಚು ಮಾಡಿಸಿದರು. ಲಿಂಗಾಯತ, ಮುಸಲ್ಮಾನ, ಬ್ರಾಹ್ಮಣ, ಶೂದ್ರ, ದಲಿತ ಎಲ್ಲರೂ ಬೆರೆತ ಈ ಬಳಗಕ್ಕೆ ಆ ವಹಿಯೇ ಗ್ರಂಥಾಲಯ.

ನಗರದ ಓದಿಗೆ ಇನ್ನೊಂದು ಬೇರು ಇದೆ. 1347ರಲ್ಲಿ ಬಹಮನಿ ರಾಜ್ಯಕ್ಕೆ ಕಲಬುರಗಿಯೇ ರಾಜಧಾನಿಯಾಯಿತು. ಹದಿನೈದನೆಯ ಶತಮಾನದ ಹೊಸ್ತಿಲಲ್ಲಿ ಇಲ್ಲಿಗೆ ಬಂದು 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇನವಾಜ್ ಗೇಸುದರಾಜ್ ಸೂಫಿ ಗುರುವಷ್ಟೇ ಅಲ್ಲ, ಅರಬ್ಬಿ–ಪಾರಸಿಗಳಲ್ಲಿ ಹಲವು ಗ್ರಂಥ ಬರೆದ ವಿದ್ವಾಂಸರೂ ಹೌದು. ದರ್ಗಾದ ಸುತ್ತ ಕೈಬರಹದ ಗ್ರಂಥಗಳನ್ನು ಕೂಡಿಡುವ, ಪಾಠ ಹೇಳುವ ಪದ್ಧತಿ ಬೆಳೆಯಿತು. ರಾಜಧಾನಿ ಬೀದರಿಗೆ ಹೋದ ಮೇಲೆ ಅಲ್ಲಿ ಮಹಮೂದ್ ಗಾವಾನ್ 1472ರಲ್ಲಿ ಮದ್ರಸಾ ಕಟ್ಟಿಸಿ, ಅದಕ್ಕೆ ಸುಮಾರು 3,000 ಹಸ್ತಪ್ರತಿಗಳ ಭಂಡಾರ ಕೂಡಿಸಿದ. ಪಾರಸಿಯ ಈ ಪಾಂಡಿತ್ಯದ ಬದಿಯಲ್ಲೇ ಪೇಟೆ ಮಾತಾದ ದಖನಿ ಬೆಳೆಯಿತು. ಅದರ ಕುಡಿ ಇಪ್ಪತ್ತನೆಯ ಶತಮಾನದವರೆಗೂ ಒಣಗಲಿಲ್ಲ. ಚಿಟಗುಪ್ಪದಲ್ಲಿ ಹುಟ್ಟಿ ಕಲಬುರಗಿಯಲ್ಲಿ ನೌಕರಿ ಮಾಡಿದ ಸುಲೇಮಾನ್ ಖತೀಬ್ ಅವರ ದಖನಿ ಪದ್ಯಗಳಿಗೆ ಮುಶಾಯಿರಾದಲ್ಲಿ ಜನ ಕಿಕ್ಕಿರಿಯುತ್ತಿದ್ದರು. ಉರ್ದುವಿನ ಹೆಸರಾಂತ ಹಾಸ್ಯ ಲೇಖಕ ಮುಜ್ತಬಾ ಹುಸೇನ್ ಚಿಂಚೋಳಿಯಲ್ಲಿ ಹುಟ್ಟಿದವರು. ಪುರಾಣದ ಕಟ್ಟೆಯಲ್ಲಿ ಸಾಹಿತ್ಯ ಕಿವಿಯಿಂದ ಒಳಗಿಳಿದಂತೆ ಮುಶಾಯಿರಾದಲ್ಲೂ ಇಳಿಯಿತು. ಕಲಬುರಗಿಯ ಎರಡು ದೊಡ್ಡ ಸಮುದಾಯಗಳು ಓದನ್ನು ಪ್ರೀತಿಸಲು ಕಲಿತ ಬಗೆ ಒಂದೇ.

ಶಾಲೆಯ ಕಥೆ ಇಷ್ಟು ಸರಾಗವಲ್ಲ. ಕಲಬುರಗಿ ಸೇರಿದ್ದ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ 1880ರ ದಶಕದಲ್ಲಿ ಪಾರಸಿಯ ಜಾಗಕ್ಕೆ ಉರ್ದು ಆಡಳಿತ ಭಾಷೆಯಾಗಿ ಬಂತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲೇ ಆರಂಭವಾಯಿತು. ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಡಬಹುದೆಂದು ತೋರಿಸಿದ ದೊಡ್ಡ ಪ್ರಯೋಗ ಅದು. ಆ ದೇಶಭಾಷೆ ಕಲಬುರಗಿ, ರಾಯಚೂರು, ಬೀದರಿನ ಬಹುಜನರ ಮನೆಮಾತಾಗಿರಲಿಲ್ಲ ಎಂಬುದೂ ಅಷ್ಟೇ ದಿಟ. ಕನ್ನಡ ಕಲಿಯಬೇಕಾದ ಮಗು ಅಯ್ಯಗಳ ಸಾಲಿಗೆ ಹೋಗಬೇಕಿತ್ತು. ಮಠದ ಪಡಸಾಲೆಯಲ್ಲೋ ಗುಡಿಯ ಜಗಲಿಯಲ್ಲೋ ಉಸುಕು ಹರವಿ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದರು, ಅದು ಧೂಳಾಕ್ಷರ. ಕೈ ಕುದುರಿದ ಮೇಲೆ ಪಾಟಿ. ಮಗ್ಗಿ, ಅರ್ಧ–ಪಾವು ಲೆಕ್ಕ, ನಾಲ್ಕಾರು ವಚನ, ಒಂದಷ್ಟು ಷಟ್ಪದಿ ಬಾಯಿಪಾಠವಾದರೆ ಓದು ಮುಗಿಯಿತು. ಗುರುವಿಗೆ ಸಂಬಳವೆಂದರೆ ಸುಗ್ಗಿಯಲ್ಲಿ ಬರುವ ಜೋಳ. ಸಾಲಿಮಠ ಎಂಬ ಮನೆತನದ ಹೆಸರು ಈ ಭಾಗದಲ್ಲಿ ಇಂದಿಗೂ ಆ ಕಾಲವನ್ನು ನೆನಪಿಸುತ್ತದೆ. ಆ ಸಾಲಿಯ ಜಗಲಿ ಹತ್ತಲು ಎಲ್ಲ ಮಕ್ಕಳಿಗೂ ಬಿಡುತ್ತಿರಲಿಲ್ಲ. ಕೆಳಜಾತಿಯ ಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಅದು ಬಹುಮಟ್ಟಿಗೆ ಮುಚ್ಚಿದ ಬಾಗಿಲು.

ಹೀಗಾಗಿ ಆ ಕಾಲದ ಒಂದೇ ಊರಿನಲ್ಲಿ ಮೂರು ನಾಲ್ಕು ಲಿಪಿಗಳು ಓಡಾಡುತ್ತಿದ್ದವು. ಗುಡಿಯ ಪುರಾಣ ಕನ್ನಡದಲ್ಲಿ, ಕುಲಕರ್ಣಿಯ ಹಳೆಯ ದಫ್ತರ ಮರಾಠಿಯ ಮೋಡಿ ಲಿಪಿಯಲ್ಲಿ, ತಹಶೀಲಿನ ನೋಟೀಸು ಉರ್ದುವಿನಲ್ಲಿ, ಬ್ರಾಹ್ಮಣರ ಮನೆಯ ಪೋಥಿ ದೇವನಾಗರಿಯಲ್ಲಿ. ಕಲಬುರಗಿಯಿಂದ ಹುಮನಾಬಾದ್ ದಾರಿಯಲ್ಲಿರುವ ಮಹಾಗಾಂವದ ಹೆಸರಿನಲ್ಲೇ ಮರಾಠಿಯ ಗುರುತಿದೆ. ರೈತನಿಗೆ ತನ್ನ ಹೊಲದ ಕಾಗದ ತಾನೇ ಓದಿಕೊಳ್ಳಲಾಗುತ್ತಿರಲಿಲ್ಲ. ಯಾರಾದರೂ ಓದಿ ಹೇಳಬೇಕು. ಪುರಾಣ ಓದಿ ಹೇಳಿಸಿಕೊಳ್ಳುವುದು ಸುಖ. ಸಾಲದ ಕಾಗದ ಓದಿ ಹೇಳಿಸಿಕೊಳ್ಳುವುದು ಪರಾಧೀನತೆ. ಓದು ಕಲಿಯಬೇಕೆಂಬ ಹಂಬಲಕ್ಕೆ ಈ ಎರಡನೆಯ ಅನುಭವವೇ ಹೆಚ್ಚು ಬಲ ಕೊಟ್ಟಿತು.

ಹೊಸಗಾಳಿ ರೈಲಿನ ಜೊತೆ ಬಂತು. 1870ರ ದಶಕದ ಆರಂಭದಲ್ಲಿ ಮುಂಬಯಿ–ಮದ್ರಾಸು ಹಳಿ ಕಲಬುರಗಿಯನ್ನು ಹಾದುಹೋಯಿತು. 1884ರಲ್ಲಿ ಗದಗ–ಹೊಟಗಿ ಮಾರ್ಗ ಮುಗಿದು ಧಾರವಾಡದ ಕಡೆಗೂ ದಾರಿ ತೆರೆಯಿತು. ಧಾರವಾಡದಲ್ಲಿ 1890ರಿಂದ ಕರ್ನಾಟಕ ವಿದ್ಯಾವರ್ಧಕ ಸಂಘ ಕೆಲಸ ಮಾಡುತ್ತಿತ್ತು, ಅಚ್ಚಿನ ಮನೆಗಳಿದ್ದವು. ಕಲಬುರಗಿಗೆ ಕನ್ನಡ ಪುಸ್ತಕ ಹೊರಗಿನಿಂದಲೇ ಬರಬೇಕಿತ್ತು. ಮಳಖೇಡದಲ್ಲಿ ಹುಟ್ಟಿದ ಕವಿರಾಜಮಾರ್ಗವೇ ಮೊದಲು ಅಚ್ಚಾದದ್ದು 1898ರಲ್ಲಿ, ಕೆ.ಬಿ. ಪಾಠಕರ ಸಂಪಾದನೆಯಲ್ಲಿ, ದೂರದ ಬೆಂಗಳೂರಿನಲ್ಲಿ. ಹುಟ್ಟಿದೂರಿನ ಜನಕ್ಕೆ ಅದು ಪರವೂರಿನಿಂದ ಬರುವ ಪುಸ್ತಕವಾಯಿತು.

ಕಲಬುರಗಿಯಲ್ಲಿ 1907ರಲ್ಲಿ ನೂತನ ವಿದ್ಯಾಲಯ ಆರಂಭವಾಯಿತು. ರಾಯಚೂರಿನಲ್ಲಿ 1920ರಲ್ಲಿ ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆ ತೆರೆದರು. ಸಂಸ್ಥಾನದಲ್ಲಿ ಖಾನಗಿ ಶಾಲೆ ನಡೆಸಲು ಪರವಾನಗಿ ಬೇಕಿತ್ತು. ಸಾರ್ವಜನಿಕ ಸಭೆಗೆ ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆ ಅಡ್ಡ ನಿಂತಿತ್ತು. ಸಂಸ್ಥಾನದ ತೆಲುಗರು 1901ರಲ್ಲೇ ಹೈದರಾಬಾದಿನಲ್ಲಿ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯ ಎಂಬ ಗ್ರಂಥಾಲಯ ತೆರೆದು, ಅಲ್ಲಿಂದ ಊರೂರಿಗೆ ವಾಚನಾಲಯದ ಚಳವಳಿ ಹಬ್ಬಿಸಿದ್ದರು. ರಾಜಕೀಯ ಸಭೆ ಕಷ್ಟವಾದಲ್ಲಿ ವಾಚನಾಲಯವೇ ಜನ ಕೂಡುವ ತಾಣವಾಯಿತು. ಕನ್ನಡ ಜಿಲ್ಲೆಗಳಲ್ಲಿ ಆ ಕೆಲಸ ಅಷ್ಟು ಬಲವಾಗಿ ಬೇರೂರಲಿಲ್ಲ, ಮತ್ತು ಅದರ ಕೊರತೆ ಮುಂದೆ ಬಹುಕಾಲ ಕಾಡಿತು. ಆದರೂ 1928ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಕಲಬುರಗಿಯಲ್ಲೇ ನಡೆಯಿತು. ನಿಜಾಮರ ನಾಡಿನಲ್ಲಿ ಕನ್ನಡದ ಹೆಸರಿನಲ್ಲಿ ಜನ ಕೂಡಿದ್ದೇ ಅಂದಿಗೆ ದೊಡ್ಡ ಮಾತು. 1949ರಲ್ಲಿ ಉತ್ತಂಗಿ ಚನ್ನಪ್ಪ, 1987ರಲ್ಲಿ ಸಿಂಪಿ ಲಿಂಗಣ್ಣ, 2020ರಲ್ಲಿ ಎಚ್.ಎಸ್. ವೆಂಕಟೇಶಮೂರ್ತಿ ಅಧ್ಯಕ್ಷರಾಗಿ ಸಮ್ಮೇಳನ ಮತ್ತೆ ಮೂರು ಬಾರಿ ಈ ಊರಿಗೆ ಬಂತು.

ಹೆಣ್ಣುಮಕ್ಕಳ ಓದಿಗೆ ಕಲಬುರಗಿಯಲ್ಲಿ ಗಟ್ಟಿ ನೆಲೆ ಸಿಕ್ಕದ್ದು 1934ರಲ್ಲಿ. ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪ ಅವರು ಮಹಾದೇವಿ ಕನ್ಯಾ ಪಾಠಶಾಲೆ ಆರಂಭಿಸಿದರು, ಕನ್ನಡ ಮಾಧ್ಯಮದಲ್ಲಿ. ಅನ್ನದಾಸೋಹಕ್ಕೆ ಹೆಸರಾದ ಮಠವೊಂದು ಪುರಾಣ ಕೇಳಲು ಬರುತ್ತಿದ್ದ ಹೆಣ್ಣುಮಕ್ಕಳನ್ನು ಪುಸ್ತಕ ತೆರೆಯುವ ಕಡೆಗೆ ನಡೆಸಿದ ಹೆಜ್ಜೆ ಇದು. ಕೇಳುವುದರಿಂದ ಓದುವುದಕ್ಕೆ ದಾಟುವ ಸೇತುವೆ. ಹೆಣ್ಣುಮಗಳ ಓದು ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಕಲಬುರಗಿ ಬಳಿಯ ಸಾವಳಗಿಯ ಗೀತಾ ನಾಗಭೂಷಣ ಸಾಕ್ಷಿ. ಬಡ ದುಡಿಯುವ ಕುಟುಂಬದಲ್ಲಿ 1942ರಲ್ಲಿ ಹುಟ್ಟಿದ ಅವರು ಈ ನೆಲದ ಆಡುಮಾತನ್ನೇ ಕಾದಂಬರಿಗೆ ತಂದರು. ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2010ರ ಗದಗ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಪಠ್ಯಪುಸ್ತಕದ ಕನ್ನಡವನ್ನಷ್ಟೇ ಕಂಡಿದ್ದ ಇಲ್ಲಿನ ಓದುಗರಿಗೆ ತಮ್ಮ ಮನೆಯ ಮಾತು ಅಚ್ಚಿನಲ್ಲಿ ಎದುರಾದದ್ದು ಸಣ್ಣ ಸಂಗತಿಯಲ್ಲ. ಓದಿನ ಪ್ರೀತಿಗೆ ಅಂಥ ಪುಸ್ತಕ ಮಾಡುವ ಉಪಕಾರವನ್ನು ಯಾವ ಪ್ರಚಾರವೂ ಮಾಡಲಾರದು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ಕಲಬುರಗಿ ಮೈಸೂರು ರಾಜ್ಯಕ್ಕೆ ಬಂತು. ಈ ಎರಡು ತಾರೀಖುಗಳ ನಡುವೆ ಒಂದು ಕಾಯಿದೆ ಬಂದದ್ದು ಹೆಚ್ಚು ಜನರಿಗೆ ನೆನಪಿಲ್ಲ. ಹೈದರಾಬಾದ್ ರಾಜ್ಯ 1955ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಮಾಡಿತು. ಮದ್ರಾಸಿನ 1948ರ ಕಾಯಿದೆಯ ನಂತರ ದೇಶದಲ್ಲಿ ಬಂದ ಎರಡನೆಯ ಗ್ರಂಥಾಲಯ ಕಾಯಿದೆ ಅದು. ಹಾಗಾಗಿ ಏಕೀಕರಣದ ಹೊತ್ತಿಗೆ ಗ್ರಂಥಾಲಯದ ಕಾಯಿದೆ ಇದ್ದದ್ದು ಮದ್ರಾಸಿನಿಂದ ಬಂದ ಭಾಗಗಳಿಗೆ, ಹೈದರಾಬಾದಿನಿಂದ ಬಂದ ಕಲಬುರಗಿ ಪ್ರದೇಶಕ್ಕೆ. 1914ರ ಸುಮಾರಿಗೇ ಸಾರ್ವಜನಿಕ ಗ್ರಂಥಾಲಯ ಕಂಡಿದ್ದ ಹಳೆ ಮೈಸೂರಿಗೆ ಅಂಥ ಕಾಯಿದೆ ಇರಲಿಲ್ಲ. ಅಕ್ಷರಸ್ಥರು ತೀರ ಕಡಿಮೆಯಿದ್ದ ನಾಡಿಗೆ ಕಾಯಿದೆ ಮೊದಲು ಬಂತು. ಆದರೆ ಅದು ಕಟ್ಟಡವಾಗಿ, ಪುಸ್ತಕವಾಗಿ, ನೌಕರನಾಗಿ ಊರಿಗೆ ತಲುಪುವ ಮುನ್ನವೇ ರಾಜ್ಯದ ಗಡಿಗಳು ಬದಲಾದವು.

ಇಡೀ ರಾಜ್ಯಕ್ಕೆ ಅನ್ವಯಿಸುವ ಕಾಯಿದೆ 1965ರಲ್ಲಿ ಬಂತು. ಗ್ರಂಥಾಲಯ ಶಾಸ್ತ್ರದ ಎಸ್.ಆರ್. ರಂಗನಾಥನ್ ಅವರ ಚಿಂತನೆಯ ನೆರಳು ಅದರ ಮೇಲಿದೆ. ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ವಸೂಲು ಮಾಡಬೇಕು. ಆ ದುಡ್ಡಿನಲ್ಲಿ ನಗರ ಮತ್ತು ಜಿಲ್ಲಾ ಗ್ರಂಥಾಲಯಗಳು ನಡೆಯಬೇಕು. ಆ ಕರ ಈಗ ನೂರಕ್ಕೆ ಆರು. ಮನೆಯ ತೆರಿಗೆ ಕಟ್ಟುವ ಪ್ರತಿಯೊಬ್ಬನೂ ಗ್ರಂಥಾಲಯಕ್ಕೆ ದುಡ್ಡು ಕೊಟ್ಟಿರುತ್ತಾನೆ, ಒಳಗೆ ಕಾಲಿಡದಿದ್ದರೂ. ಇದರಲ್ಲಿ ಒಂದು ತೊಡಕಿದೆ: ತೆರಿಗೆ ಹೆಚ್ಚು ಹುಟ್ಟುವ ಶ್ರೀಮಂತ ನಗರಕ್ಕೆ ಪುಸ್ತಕವೂ ಹೆಚ್ಚು, ತೆರಿಗೆ ಹುಟ್ಟದ ಬಡ ಜಿಲ್ಲೆಗೆ ಪುಸ್ತಕವೂ ಕಡಿಮೆ. ಓದು ಎಲ್ಲಿ ಹೆಚ್ಚು ಬೇಕೋ ಅಲ್ಲಿ ಕಡಿಮೆ ಸಿಗುವಂತಾಯಿತು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದಾಗ ಕಲಬುರಗಿ ಜಿಲ್ಲೆಯದು ಶೇ. 64.85 ಇತ್ತು. ಹಿಂದುಳಿದ ಈ ಭಾಗಕ್ಕೆಂದೇ ಸಂವಿಧಾನದ 371(ಜೆ) ವಿಧಿ ಬಂದದ್ದು ಆ ನಂತರ.

ನಗರದಲ್ಲಿ 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ, 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, 2009ರಲ್ಲಿ, ಈಗ ಆಳಂದ ರಸ್ತೆಯ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯ ಬಂದವು. ಸಿದ್ಧಲಿಂಗೇಶ್ವರ ಬುಕ್ ಡಿಪೋದಂಥ ಅಂಗಡಿ ಪ್ರಕಾಶನವಾಗಿ ಬೆಳೆದು ಈ ಭಾಗದ ಲೇಖಕರನ್ನು ಅಚ್ಚಿಗೆ ತಂದಿತು. ಲೇಖಕರೂ ಓದುಗರೂ ಕೂಡಿ ಕಟ್ಟಿಕೊಂಡ ಕನ್ನಡನಾಡು ಸಹಕಾರ ಸಂಘ, ಪುಸ್ತಕವನ್ನು ಹಾಲು–ಧಾನ್ಯದ ಹಾಗೆ ಸಹಕಾರದಲ್ಲಿ ನಡೆಸಬಹುದೆಂದು ತೋರಿಸಿತು. ನಗರದ ಗ್ರಂಥಾಲಯದ ಕುರ್ಚಿಗಳಲ್ಲಿ ಈಗ ಹೆಚ್ಚಾಗಿ ಕಾಣುವವರು ಕೆಎಎಸ್, ಪಿಎಸ್ಐ, ಶಿಕ್ಷಕರ ನೇಮಕಾತಿಯಂಥ ಪರೀಕ್ಷೆಗಳಿಗೆ ಓದುವ ಯುವಕ ಯುವತಿಯರು. ಬಾಡಿಗೆಯ ಕೋಣೆಯಲ್ಲಿ ಜಾಗವಿಲ್ಲದೆ ಬೆಳಗ್ಗೆ ಬಂದು ಕತ್ತಲಾಗುವವರೆಗೆ ಅಲ್ಲೇ ಕೂರುತ್ತಾರೆ. ಕಥೆ ಕಾದಂಬರಿಯ ಕಪಾಟು ಅವರ ಬೆನ್ನ ಹಿಂದಿರುತ್ತದೆ. ಇದನ್ನು ಓದೇ ಅಲ್ಲ ಎಂದು ತಳ್ಳಿಹಾಕುವುದು ಅನ್ಯಾಯ. ಗ್ರಂಥಾಲಯವನ್ನು ತಮ್ಮದೆಂದು ಹಕ್ಕಿನಿಂದ ಬಳಸುವ ಮೊದಲ ತಲೆಮಾರು ಅದು.

ಹಳ್ಳಿಯ ಮಗುವಿಗೆ ಗ್ರಂಥಾಲಯ ಸಿಕ್ಕದ್ದು ಮಂಡಲ ಪಂಚಾಯಿತಿ, ಗ್ರಾಮ ಪಂಚಾಯಿತಿಗಳ ಮೂಲಕ. ಕಮಲಾಪುರದ ಕಡೆಯನ್ನೇ ನೋಡಿ. 2018ರಲ್ಲಿ ಅದು ತಾಲ್ಲೂಕಾಗಿ ಮಹಾಗಾಂವ ಅದರೊಳಗೆ ಸೇರಿತು. ಕೆಂಬಾಳೆಗೆ ಹೆಸರಾದ ಈ ತಾಲ್ಲೂಕಿನ ಊರುಗಳ ಸುತ್ತ ಲಂಬಾಣಿ ತಾಂಡಾಗಳು ಹಲವು. ಪಂಚಾಯಿತಿ ಗ್ರಂಥಾಲಯವೆಂದರೆ ಬಹುಕಾಲ ಒಂದೇ ಕೋಣೆ, ಎರಡು ಕಬ್ಬಿಣದ ಕಪಾಟು, ಒಂದು ಉದ್ದನೆಯ ಮೇಜು, ದಿನಪತ್ರಿಕೆ. ನೋಡಿಕೊಳ್ಳುವ ಮೇಲ್ವಿಚಾರಕ ಅರೆಕಾಲಿಕನಾಗಿದ್ದ; ಸಿಗುತ್ತಿದ್ದದ್ದು ಸಂಬಳವಲ್ಲ, ಗೌರವಧನ. ನಾಗಾವಿಯಲ್ಲಿ ಭೂಮಿ ಪಡೆದು ಉಪಾಧ್ಯಾಯರ ಸಾಲಿನಲ್ಲಿ ಕೂತ ಭಂಡಾರಿಗನ ಕೆಲಸವನ್ನೇ ಮಾಡುವ ಈತ ವರ್ಷಗಟ್ಟಲೆ ಕನಿಷ್ಠ ವೇತನಕ್ಕಾಗಿ ಮನವಿ ಕೊಡುತ್ತ ಬರಬೇಕಾಯಿತು.

2019ರಲ್ಲಿ ರಾಜ್ಯದ ಐದೂವರೆ ಸಾವಿರಕ್ಕೂ ಹೆಚ್ಚು ಪಂಚಾಯಿತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ ಕೊರೊನಾ ಬಂದು ಶಾಲೆಗಳು ಮುಚ್ಚಿದ್ದಾಗ, ನವೆಂಬರ್ 14ರ ಮಕ್ಕಳ ದಿನದಂದು, ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಮೊಬೈಲು ಇಲ್ಲದ, ಆನ್‌ಲೈನ್ ಪಾಠ ಮುಟ್ಟದ ಮನೆಗಳ ಮಕ್ಕಳಿಗೆ ಆ ಕೋಣೆಯೇ ಶಾಲೆಯಾಯಿತು. ಗೋಡೆಗಳಿಗೆ ಬಣ್ಣ ಬಂತು, ಮಕ್ಕಳ ಪುಸ್ತಕಗಳು ಬಂದವು, ಕಂಪ್ಯೂಟರ್ ಬಂತು. ಹೆಸರೂ ‘ಅರಿವು ಕೇಂದ್ರ’ ಎಂದಾಯಿತು. ಇಲ್ಲಿ ಹೆಚ್ಚು ಫಲ ಕೊಟ್ಟದ್ದು ಹಳೆಯ ಉಪಾಯವೇ: ಗಟ್ಟಿಯಾಗಿ ಓದಿ ಹೇಳುವುದು. ಮೇಲ್ವಿಚಾರಕ ಅಥವಾ ಶಾಲೆಯ ಗುರುಗಳು ಕಥೆಯೊಂದನ್ನು ದನಿ ಏರಿಸಿ ಇಳಿಸಿ ಓದುತ್ತಾರೆ. ಮಕ್ಕಳು ಸುತ್ತ ಕೂತು ಚಿತ್ರ ನೋಡಲು ಕತ್ತು ಚಾಚುತ್ತಾರೆ. ಮುಗಿದೊಡನೆ ಅದೇ ಪುಸ್ತಕಕ್ಕೆ ಕೈಗಳು ಮುಗಿಬೀಳುತ್ತವೆ. ಕೇಳಿದ ಕಥೆಯನ್ನು ತಾನೇ ಓದಿ ನೋಡುವಾಗ ಮಗುವಿಗೆ ಅಕ್ಷರದ ಭಯ ಅರ್ಧ ಇಳಿದಿರುತ್ತದೆ.

ತಾಂಡಾದ ಮಗುವಿಗೆ ಇದರ ಅಗತ್ಯ ಇನ್ನೂ ಹೆಚ್ಚು. ಮನೆಯಲ್ಲಿ ಆಡುವುದು ಗೋರಬೋಲಿ. ಅದಕ್ಕೆ ತನ್ನದೇ ಲಿಪಿಯಿಲ್ಲ. ಮೊದಲ ಓದೇ ಎರಡನೆಯ ಭಾಷೆಯಲ್ಲಿ. ತಂದೆ ತಾಯಿ ದುಡಿಮೆಗೆಂದು ಮುಂಬಯಿ, ಪುಣೆಗೆ ಗುಳೆ ಹೋದಾಗ ಓದು ಅರ್ಧಕ್ಕೇ ನಿಲ್ಲುತ್ತದೆ. ತಿರುಗಿ ಬಂದಾಗ ತರಗತಿ ಮುಂದೆ ಹೋಗಿರುತ್ತದೆ. ಪಠ್ಯಪುಸ್ತಕ ಅಂಥ ಮಗುವಿಗಾಗಿ ಕಾಯುವುದಿಲ್ಲ, ಕಥೆಪುಸ್ತಕ ಕಾಯುತ್ತದೆ. ಉರ್ದು ಶಾಲೆಯ ಮಗುವಿಗೆ ಕನ್ನಡ ಕಪಾಟಿನ ಪಕ್ಕದಲ್ಲಿ ಉರ್ದುವಿನ ಮಕ್ಕಳ ಪುಸ್ತಕವೂ ಇರಬೇಕು, ಮೂರು ನಾಲ್ಕು ಲಿಪಿಗಳು ಒಟ್ಟಿಗೆ ಬಾಳಿದ ಈ ಸೀಮೆಯಲ್ಲಿ. ಕನ್ನಡದ ಮಕ್ಕಳಿಗಾಗಿ ಕಲಬುರಗಿಯಲ್ಲಿದ್ದುಕೊಂಡೇ ಎ.ಕೆ. ರಾಮೇಶ್ವರರಂಥವರು ಬರೆದರು, ಗೋರಬೋಲಿಯ ಹಾಡು–ಕಥೆಗಳನ್ನು ಕನ್ನಡ ಲಿಪಿಯಲ್ಲಿ ಬರೆದಿಡುವ ಕೆಲಸವೂ ನಡೆದಿದೆ. ಅಜ್ಜಿ ಹೇಳಿದ ಕಥೆ ಪುಸ್ತಕದಲ್ಲಿ ಸಿಕ್ಕಾಗ ತಾಂಡಾದ ಮಗು ಅದನ್ನು ಮನೆಗೆ ಒಯ್ದು ಅಜ್ಜಿಗೇ ಓದಿ ಹೇಳಬಲ್ಲದು.